ಎರಡು ಬೆರಳಷ್ಟು

ಟ್ರೆಗಾರನ್ ಊರಿಂದ ಬೆಟ್ಟ ಹತ್ತುವ ದಾರಿ
ಮೊದಲು ಕುರಿ ನಡೆದದ್ದು, ಆಮೇಲೆ ಕೌನ್ಸಿಲ್ಲಿನವರು
ಒಲ್ಲದ ಮನಸ್ಸಿನಿಂದ ಡಾಂಬರು ಸುರಿದದ್ದು.
ಮೊರ್ವಿದ್ ಪ್ಯೂ ಮನೆಯ ಗೇಟು ಬಂದರೆ ಅದೂ ಮುಗಿಯಿತು.
ಆಚೆಗೆ, ದನ ದಾಟದಂತೆ ಅಡ್ಡ ಹಾಸಿದ ಕಬ್ಬಿಣದ ಸರಳು.
ಸರಳಿನಾಚೆ, ನೆಲದೊಳಗಿಂದ ಬೆನ್ನೆತ್ತಿದ ಬಂಡೆ.

ಆ ಬಂಡೆಗೂ ಅವಳ ಅರವತ್ನಾಲ್ಕರ ಹೀಲಿಗೂ
ಮೂವತ್ತು ವರ್ಷದ ಹಗೆ.
ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ನಾಲ್ಕೇ ಬೆರಳು;
ಅವಳು ಕೂತರೆ ಮೂರೂವರೆ;
ಟ್ಯಾಂಕು ತುಂಬಿಸಿ, ಹಿಂದೆ ಕುರಿಮೇವಿನ ಚೀಲ ಹೇರಿದರೆ
ಲೆಕ್ಕ ಕೇಳಬೇಡಿ.
ಗರ್‍ರ್ ಎಂದು ಸೈಲೆನ್ಸರು ಬಂಡೆಗೆ ಉಜ್ಜುವ ಸದ್ದು
ಕಣಿವೆಯ ಈಚೆ ಮಗ್ಗುಲಿನ ನನ್ನ ಗ್ಯಾರೇಜಿಗೂ ಬರುತ್ತಿತ್ತು.
ಬೇಸಗೆಗೊಂದು ಸೈಲೆನ್ಸರು. ಬಿಚ್ಚಿದರೆ ಹಪ್ಪಳ.

"ಬಂಡೆ ಒಡೆಸಿಬಿಡಬಾರದೆ?" ಅಂದೆ ಒಮ್ಮೆ.
"ಮೊದಲು ಬಂದದ್ದು ಅದು" ಅಂದಳು.

ಹೋದ ಚಳಿಗಾಲ ಎಣ್ಣೆಯ ಸಂಪೇ ಸೀಳಿತು.
ಹಿಮದ ಮೇಲೆ ಕರಿ ಗೆರೆ, ಗೇಟಿನಿಂದ ಹೊಸ್ತಿಲವರೆಗೆ,
ಯಾರೋ ಷರಾ ಬರೆದು ರುಜು ಹಾಕಿದ ಹಾಗೆ.
ಆಗ ಹೇಳಿದೆ: ಈ ಎರಕದ ಆರು ಸಿಲಿಂಡರು ತೆಗೆದುಬಿಡೋಣ,
ಅಲ್ಯೂಮಿನಿಯಮ್ಮಿನ ವಿ-ಎಂಟು ಒಂದಿದೆ, ನೂರು ಕಿಲೋ ಹಗುರ,
ಸಂಪು ಗಿಡ್ಡ, ಕೊಳವೆಗಳನ್ನು ಪಕ್ಕಕ್ಕೆ ತಿರುಗಿಸಿ
ಮೇಲಕ್ಕೆ ಮಡಿಚಿಡಬಹುದು.
ಕ್ಲಬ್ಬಿನ ಹಿರಿಯ ಆಡ್ರಿಯನ್ ಟಟರ್ಸಲ್ ಬಾಗಿಲಲ್ಲೇ ನಿಂತು
"ಮೂಲ ಎಂಜಿನ್ ಕಿತ್ತರೆ ಕಾರಿನ ಮರ್ಯಾದೆ ಹೋಯಿತು" ಎಂದ.
"ಅದು ಆಗಲೇ ಬಂಡೆಯ ಮೇಲೆ ಪದರ ಪದರ ಹೋಗಿದೆ"
ಎಂದಳು ಮೊರ್ವಿದ್, ಚಹಾದಲ್ಲಿ ಬಿಸ್ಕತ್ತು ಅದ್ದುತ್ತ.

ಮಾರ್ಚಿಯ ಒಂದು ಮಂಗಳವಾರ ಸರಪಳಿ ಬಿಗಿದೆವು.
ಮಾಬ್ಲಿ, ಕೆಲಸ ಕಲಿಯಲು ಬಂದ ಹದಿನೇಳರ ಹುಡುಗಿ,
ರಾಟೆ ತಿರುಗಿಸುತ್ತಿದ್ದಳು, ಉಸಿರು ಕಟ್ಟಿ.
ಹಳೆಯದು ಇಂಚಿಂಚೇ ಗೂಡು ಬಿಟ್ಟು ಎದ್ದಂತೆ
ಸ್ಪ್ರಿಂಗುಗಳು ಒಮ್ಮೆ ಮುಲುಗಿದವು,
ಕಾರು ತಾನಾಗಿ ಮೂಗು ಮೇಲೆತ್ತಿತು.
ಯಾರೂ ಮುಟ್ಟಿರಲಿಲ್ಲ.

ನಾನು ಎತ್ತಲಿಲ್ಲ ಮಾರಾಯರೆ, ಇಳಿಸಿದೆ ಅಷ್ಟೆ.
ಇಳಿಸಿದ್ದಕ್ಕೇ ಏರಿತು.

ಹೊಸದು ಕೂತ ಮೇಲೆ ಮಾಬ್ಲಿ ನೆಲಕ್ಕೆ ಮಲಗಿ
ಕೈ ತೂರಿಸಿದಳು: ನಾಲ್ಕು, ಐದು,
ಕಿರುಬೆರಳು ಎರಡನೇ ಸಲ ಒಳಗೆ ಹೋದಾಗ ಕಿರುಚಿದಳು, ಆರು!
ಮೂರು ತಿಂಗಳ ಕೂಲಿ, ಬಿಲ್ಲಿನಲ್ಲಿ ಎರಡು ಬೆರಳು.

ಹೀಲಿ ಬಂಡೆಯ ಮೇಲೆ ಬೆಕ್ಕಿನಂತೆ ದಾಟಿತು.
ಅಲ್ಲೇ ಬಂತು ತೊಡಕು.
ಪುಟ್ ಎಂಬ ಅವಳ ನಾಯಿ, ಹೆಸರಿಗೆ ತಕ್ಕ ಗಿಡ್ಡ ಕಾಲು,
ಕಣ್ಣಿಗೆ ಪೊರೆ ಬಂದು ಎರಡು ವರ್ಷ,
ಆ ಗರ್‍ರಿಗೆ ಎದ್ದು ಗೇಟಿಗೆ ಓಡುತ್ತಿದ್ದದ್ದು
ಈಗ ಒಲೆಯ ಮುಂದೆ ಮಲಗೇ ಇತ್ತು.
ಅವಳು ಒಳಗೆ ಕಾಲಿಟ್ಟಾಗ ಬೆಚ್ಚಿ ಬೊಗಳಿತು,
ಕಳ್ಳರನ್ನು ಬೊಗಳುವಂತೆ.

ಹಾರನ್ನು ಮಾಡಿ ನೋಡಿದಳು. ಬರಲಿಲ್ಲ.
ಹಾರನ್ನು ಯಾರದಾದರೂ ಆಗಬಹುದು.

ಗುರುವಾರ ಬಂದು ಬಾಗಿಲಲ್ಲಿ ನಿಂತಳು.
ತಗ್ಗಿಸಿಕೊಡು ಅನ್ನುತ್ತಾಳೇನೋ ಎಂದು ನನ್ನ ಎದೆ ಧಸಕ್ಕೆಂದಿತು.
"ಕಳೆದ ವರ್ಷದ ಸೈಲೆನ್ಸರು ಗುಜರಿಗೆ ಹಾಕಿದೆಯಾ?"
ಹಾಕಿರಲಿಲ್ಲ. ಹಳೆ ಎಂಜಿನ್ನಿನ ಹೊದಿಕೆಯ ಕೆಳಗಿತ್ತು.
ಒರೆಸಿ ಕೊಟ್ಟೆ. ದುಡ್ಡು ಬೇಡ ಅಂದೆ.

ಈಗ ಸಂಜೆ ನಾಲ್ಕರ ಸುಮಾರಿಗೆ
ಅವಳು ಸರಳು ದಾಟಿ, ಕಾರು ನಿಲ್ಲಿಸಿ, ಇಳಿದು,
ಆ ಹಪ್ಪಳವನ್ನು ಎರಡೂ ಕೈಯಲ್ಲಿ ಹಿಡಿದು
ಮಂಡಿಯೂರಿ ಬಂಡೆಗೆ ಒಂದು ಸಲ ಉಜ್ಜುತ್ತಾಳೆ.

ಗರ್‍ರ್.
ಈಚೆ ಮಗ್ಗುಲಲ್ಲಿ ಮಾಬ್ಲಿ ಸ್ಪ್ಯಾನರು ಕೆಳಗಿಟ್ಟು
ಕೆಟಲಿಗೆ ನೀರು ಹಿಡಿಯುತ್ತಾಳೆ.